ತೋಡಾರಿಗೆ ಹೋಗದ ಶನಿವಾರಗಳು

ನಿರುದ್ಯೋಗ ಎಂಬ ಶಬ್ದವನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಮಕ್ಕಳಿಗೆ ಪ್ರಬಂಧ ಬರೆಸುವಾಗ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದೂ ಉಂಟು. ನಮ್ಮ ಕಡೆಯ ಮಾತಿನಲ್ಲಿ ಮಾತ್ರ ಆ ಶಬ್ದ ಇರಲಿಲ್ಲ. ಕೆಲಸ ಇಲ್ಲದವನ ಬಗ್ಗೆ "ಅವ ಸುಮ್ಮನೆ ಇದ್ದಾನೆ" ಎನ್ನುತ್ತಿದ್ದರು. ಅವನೇ ಯೋಚಿಸಿ ತೀರ್ಮಾನ ಮಾಡಿ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಾನೆ ಎಂಬ ಹಾಗೆ. ನಾನು ಎಂಟು ತಿಂಗಳು ಹೀಗೆ ಸುಮ್ಮನೆ ಇದ್ದವನು. ಜೀವಮಾನದಲ್ಲಿ ಅಷ್ಟು ದಣಿದ ಎಂಟು ತಿಂಗಳು ಬೇರೆ ಇಲ್ಲ ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರಿಗೆ ಅದು ಗೊತ್ತಾಗುವುದೇ ಬೇಡ.

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷ ಆಗಿತ್ತು. ನನಗೆ ಇಪ್ಪತ್ತಾರು. ಬಂಟ್ವಾಳದ ಪೇಟೆಯಲ್ಲಿ, ಹೊಳೆಗೆ ಬೆನ್ನು ಹಾಕಿ ನಿಂತ ಒಂದು ಅನುದಾನಿತ ಪ್ರಾಥಮಿಕ ಶಾಲೆಯಲ್ಲಿ ಅಧ್ಯಾಪಕನಾಗಿದ್ದೆ. ಎಸ್ಸೆಸೆಲ್ಸಿ ಪಾಸು, ಟ್ರೈನಿಂಗ್ ಆಗಿರಲಿಲ್ಲ. ಐದು ವರ್ಷ ಅದನ್ನು ಯಾರೂ ಕೇಳಲಿಲ್ಲ. ಆ ಜೂನ್‌ನಲ್ಲಿ ಶಾಲೆ ಶುರುವಾದ ದಿನವೇ ಮೆನೇಜರು ನನ್ನನ್ನು ಕರೆದು, ಟ್ರೈನಿಂಗ್ ಆಗದವರನ್ನು ಇಟ್ಟುಕೊಳ್ಳಬಾರದೆಂದು ಮೇಲಿನಿಂದ ಕಾಗದ ಬಂದಿದೆ ಎಂದರು. "ಟ್ರೈನಿಂಗ್ ಮುಗಿಸಿ ಬನ್ನಿ ಮಾಸ್ಟ್ರೇ, ನಿಮ್ಮ ಕುರ್ಚಿ ಎಲ್ಲಿಗೆ ಹೋಗ್ತದೆ?" ಎಂದು ನಕ್ಕರು. ಅರ್ಜಿ ಹಾಕುವ ದಿನ ಆ ವರ್ಷದ ಮಟ್ಟಿಗೆ ದಾಟಿ ಹೋಗಿತ್ತು. ಅದು ಅವರಿಗೂ ಗೊತ್ತಿತ್ತು. ನಾನು ಹಲ್ಲು ಕಿರಿದು ತಲೆಯಾಡಿಸಿ ಹೊರಗೆ ಬಂದೆ. ಜಗಳ ಮಾಡಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಕೆಲಸ ಹೋದರೂ ಹೆಸರು ಹೋಗಲಿಲ್ಲ. ಪೇಟೆಯಲ್ಲಿ ಕಾಲಿಟ್ಟರೆ ಸಾಕು, ಎದುರು ಸಿಕ್ಕಿದವರೆಲ್ಲ "ಮಾಸ್ಟ್ರೇ, ನಮಸ್ಕಾರ" ಎನ್ನುವವರು. ಪ್ರತಿಯೊಂದು ನಮಸ್ಕಾರವೂ ಕಪಾಳಕ್ಕೆ ಬಿದ್ದ ಹಾಗೆ ಆಗುತ್ತಿತ್ತು. ಅವರ ಮೇಲೆ ಸಿಟ್ಟು ಬರುತ್ತಿತ್ತು. ಪಾಪ, ಅವರೇನು ಮಾಡಿದ್ದಾರೆ? ಆದರೂ ಬರುತ್ತಿತ್ತು. ಕ್ರಮೇಣ ನಾನು ಪೇಟೆಯ ಹಿಂದಿನ ಓಣಿಯಲ್ಲೇ ಓಡಾಡಲು ಶುರುಮಾಡಿದೆ.

ನನ್ನ ಕೋಣೆ ಒಂದು ಒಣಮೀನಿನ ಅಂಗಡಿಯ ಮಾಳಿಗೆಯಲ್ಲಿತ್ತು. ಅಂಗಡಿಯವರು ಬ್ಯಾರಿಗಳು, ನಮ್ಮ ಕಡೆಯ ಮುಸ್ಲಿಮರು, ಹಳೆಯ ವ್ಯಾಪಾರಸ್ಥರು. ಬಾಡಿಗೆ ಬೇಡ, ನಮ್ಮ ಕಾಗದಪತ್ರ ಬರೆದುಕೊಟ್ಟುಕೊಂಡು ಇಲ್ಲೇ ಇರಿ ಎಂದರು. ಬರೆದುಕೊಟ್ಟೆ. ಅವರದ್ದು ಮುಗಿದ ಮೇಲೆ ಓಣಿಯವರದ್ದು ಬಂತು. ತಮಾಷೆ ನೋಡಿ, ಊರಿನವರಿಗೆಲ್ಲ ಕೆಲಸ ಕೇಳುವ ಅರ್ಜಿಯನ್ನು ನಾನು ಚೆಂದದ ಅಕ್ಷರದಲ್ಲಿ ಬರೆದುಕೊಡುತ್ತಿದ್ದೆ. ಅದರಲ್ಲಿ ಇಬ್ಬರಿಗೆ ಕೆಲಸ ಸಿಕ್ಕಿತು ಕೂಡ.

ಮದುವೆಯಾಗಿ ಒಂದು ವರ್ಷ ಆಗಿತ್ತು. ಹೆಂಡತಿ ತೋಡಾರಿನಲ್ಲಿ, ಅವಳ ತಾಯಿಮನೆಯಲ್ಲಿ. ನಮ್ಮ ಬಂಟರ ಮನೆಗಳಲ್ಲಿ ಅಳಿಯಸಂತಾನದ ಕ್ರಮ. ಹೆಂಗಸರು ತಮ್ಮ ಮನೆಯಲ್ಲೇ ಇದ್ದು ಗಂಡಂದಿರು ಹೋಗಿ ಬಂದು ಮಾಡುವುದು ಆಗ ವಿಶೇಷವೇನಲ್ಲ. ನನಗೆ ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನದ ಬಸ್ಸಿನಲ್ಲಿ ಸಿದ್ದಕಟ್ಟೆಯ ಮೇಲಾಗಿ ಮೂಡಬಿದ್ರೆಗೆ, ಅಲ್ಲಿಂದ ತೋಡಾರಿಗೆ. ಸೋಮವಾರ ಮೊದಲ ಬಸ್ಸಿಗೆ ವಾಪಸು. ಕೈಯಲ್ಲಿ ಒಂದು ಬಟ್ಟೆಯ ಚೀಲ ಇರಲೇಬೇಕು. ಅತ್ತೆಗೆ ಒಂದು ಸೂಡಿ ವೀಳ್ಯದೆಲೆ, ಅಜ್ಜಿಗೆ ಹೊಗೆಸೊಪ್ಪು, ಮಕ್ಕಳಿಗೆ ಮಿಠಾಯಿ. ಚೀಲ ಇಲ್ಲದೆ ಹೆಂಡತಿ ಮನೆಯ ಅಂಗಳಕ್ಕೆ ಕಾಲಿಟ್ಟ ಗಂಡಸನ್ನು ನಾನು ನೋಡಿರಲಿಲ್ಲ.

ಕೆಲಸ ಹೋದ ಮೇಲೂ ಕೆಲವು ಶನಿವಾರ ಹೋದೆ. ವಿಷಯ ನನಗಿಂತ ಮೊದಲೇ ಬಸ್ಸಿನಲ್ಲಿ ಹೋಗಿ ಇಳಿದಿತ್ತು. ಆದರೆ ಆ ಮನೆಯಲ್ಲಿ ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಹೆಂಡತಿಯ ಸೋದರಮಾವ ಆ ಮನೆಯ ಯಜಮಾನರು. ಗಟ್ಟಿ ಆಳು, ಮೆಲುಮಾತು. ಜಗಲಿಯಲ್ಲಿ ಕುಳಿತು ಹೇಳಿದರು: "ಈ ಸಲ ಮಳೆ ಜೋರುಂಟು. ಶಾಲೆಗೆ ರಜೆ ಸ್ವಲ್ಪ ಉದ್ದ ಆದರೂ ಆದೀತು." ಅಷ್ಟೇ. ಅಂದಿನಿಂದ ಮನೆಯವರೆಲ್ಲರ ಬಾಯಲ್ಲಿ ಅದು ರಜೆ. ಕಾಲು ತೊಳೆಯಲು ಚೆಂಬಿನಲ್ಲಿ ನೀರು ಮೊದಲಿನ ಹಾಗೆಯೇ ಬಂತು, ಬೆಲ್ಲ ಬಂತು, ಊಟಕ್ಕೆ ಮೊದಲ ಮಣೆ ನನ್ನದೇ. ಮೀನಿನ ದೊಡ್ಡ ತುಂಡು ನನ್ನ ಎಲೆಗೆ ಬಿದ್ದಾಗ, ಉತ್ತು ಬಂದ ಮನೆಯ ಗಂಡಸರು ಬಾಲದ ತುಂಡು ಚೀಪುತ್ತಿದ್ದರು. ನುಂಗಲಿಕ್ಕೆ ಆಗುತ್ತಿರಲಿಲ್ಲ. ಒಬ್ಬರಾದರೂ "ಎಂತ ಮಾರಾಯ, ಹೀಗೆ ಎಷ್ಟು ದಿನ?" ಎಂದು ಕೇಳಿಬಿಟ್ಟರೆ ನನಗೆ ಊಟ ಇಳಿಯುತ್ತಿತ್ತು ಎಂದು ಕಾಣುತ್ತದೆ. ಆ ಮರ್ಯಾದೆ ನನ್ನನ್ನು ಒಳಗಿನಿಂದ ಕೊರೆಯಿತು.

ಆಗಸ್ಟಿನ ಒಂದು ಶನಿವಾರ ಚೀಲಕ್ಕೆ ಹಾಕಲು ನನ್ನಲ್ಲಿ ಏನೂ ಇರಲಿಲ್ಲ. ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಮುಂದಿನ ವಾರವೂ ಹಾಗೆಯೇ. ಎರಡು ಶನಿವಾರ ತಪ್ಪಿದ ಮೇಲೆ ಮೂರನೆಯದು ಸುಲಭವಾಯಿತು. ಹೆಂಡತಿ ಆಗ ಐದು ತಿಂಗಳ ಬಸುರಿ. ಅವಳಿಂದ ಒಂದು ಕಾಗದ ಬಂತು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ: "ಇಲ್ಲಿ ಎಲ್ಲರೂ ಕ್ಷೇಮ. ತಾವು ಯಾವಾಗ ಬರುತ್ತೀರಿ ಎಂದು ಅಮ್ಮ ಕೇಳುತ್ತಾರೆ." ಊರಿಗೆಲ್ಲ ಕಾಗದ ಬರೆಯುವವನು ಅದಕ್ಕೆ ನಾಲ್ಕು ಸಲ ಉತ್ತರ ಬರೆದು ನಾಲ್ಕು ಸಲವೂ ಹರಿದೆ. ನನಗೆ ಕೆಲಸ ಇಲ್ಲ ಎಂಬ ಮೂರು ಶಬ್ದ ಬರೆಯಲು ಕೈ ಬರಲಿಲ್ಲ.

ಏಳನೆಯ ತಿಂಗಳಿಗೆ ಬಯಕೆ. ಬಸುರಿಗೆ ಸೀರೆ ಉಡಿಸಿ ಹೂ ಮುಡಿಸಿ ಊಟ ಹಾಕುವ ದಿನ, ಗಂಡನ ಕಡೆಯವರು ಸೀರೆ ತರಬೇಕು. ಗುರುವಾಯನಕೆರೆಯ ನಮ್ಮ ಮನೆಯಿಂದ ಅಕ್ಕ ಸೀರೆ, ಹೂವು, ತಿಂಡಿ ಎಲ್ಲ ಕಟ್ಟಿಕೊಂಡು, ನನ್ನನ್ನು ಕರೆದುಕೊಂಡು ಹೋಗಲು ಬಂಟ್ವಾಳಕ್ಕೆ ಬಂದಳು. ನಾನು ಜ್ವರ ಎಂದು ಚಾಪೆಯಲ್ಲಿ ಮಲಗಿದ್ದೆ. ಅವಳು ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು.

"ಗಂಡ ಬಾರದ ಬಯಕೆ ಎಲ್ಲಿಯಾದರೂ ಉಂಟಾ?" ಎಂದಳು.

"ಸೀರೆ ನೀನು ತಂದದ್ದು. ಅದನ್ನು ಹಿಡಿದುಕೊಂಡು ನಾನು ಗಂಡಸಿನ ಹಾಗೆ ಹೋಗಿ ಕೂತುಕೊಳ್ಳುವುದಾ?" ಎಂದು ರೇಗಿದೆ.

ಅವಳು ಮಾತು ಬೆಳೆಸಲಿಲ್ಲ. ಯಾವುದೋ ದೈವದ ಅಸಮಾಧಾನ ಇರಬೇಕು, ಇಲ್ಲದಿದ್ದರೆ ಇವನು ಹೀಗೆ ಆಗುವವನಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡು, ತಂದಿದ್ದ ಕಪ್ಪು ನೂಲನ್ನು ನನ್ನ ರಟ್ಟೆಗೆ ಕಟ್ಟಿ, ಒಬ್ಬಳೇ ಬಸ್ಸು ಹತ್ತಿದಳು.

ಈಗ ನನ್ನ ಸ್ನೇಹಿತನ ವಿಷಯ ಹೇಳಬೇಕು. ಅವನು ಒಣಮೀನಿನ ಅಂಗಡಿಯವರ ಭಾವ, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ದೋಣಿಯವನು. ಬಂಟ್ವಾಳದ ದೋಣಿಕಟ್ಟೆಯಿಂದ ಮಂಗಳೂರಿಗೆ ಅಕ್ಕಿ, ಅಡಿಕೆ, ತೆಂಗಿನಕಾಯಿ ಇಳಿಸಿ, ಬರುವಾಗ ಉಪ್ಪು, ಹೆಂಚು ಹೇರಿಕೊಂಡು ಬರುತ್ತಿದ್ದ. ಮಳೆಗಾಲದಲ್ಲಿ ಹೊಳೆ ಕೆಂಪಗೆ ಏರಿದಾಗ ದೋಣಿಗಳಿಗೆ ಪ್ರತಿ ವರ್ಷವೂ ಬಿಡುವು, ನೀರು ಇಳಿದ ಮೇಲೆ ವ್ಯಾಪಾರಿಗಳು ಹೇಳಿಕಳಿಸುತ್ತಿದ್ದರು. ಆ ವರ್ಷ ನೀರು ಇಳಿಯಿತು, ಹೇಳಿಕಳಿಸಲಿಲ್ಲ. ಸರಕೆಲ್ಲ ಲಾರಿಗೆ ಹೋಗಿತ್ತು. ಯಾರೂ ಅವನನ್ನು ಕೆಲಸದಿಂದ ತೆಗೆದದ್ದಲ್ಲ, ಸುಮ್ಮನೆ ಕರೆಯಲಿಲ್ಲ. ಅವನು ದಿನಾ ಬೆಳಿಗ್ಗೆ ಕಟ್ಟೆಗೆ ಹೋಗಿ, ಕಟ್ಟಿಹಾಕಿದ ದೋಣಿಯಲ್ಲಿ ಕುಳಿತು, ತಳದಲ್ಲಿ ಜಿನುಗಿದ ನೀರನ್ನು ತೆಂಗಿನ ಗೆರಟೆಯಲ್ಲಿ ಮೊಗೆದು ಚೆಲ್ಲಿ ಬರುತ್ತಿದ್ದ. ಎಲ್ಲಿಗೂ ಹೋಗದ ದೋಣಿ ಒಳ್ಳೇ ಚೊಕ್ಕಟವಾಗಿತ್ತು.

ಅವನದ್ದೂ ಹೆಂಡತಿ ಮನೆಯಲ್ಲೇ ವಾಸ. ಅವರಲ್ಲಿಯೂ ಅಳಿಯನಿಗೆ ಮದುವೆಯ ಹೊಸದರಲ್ಲಿ ಮಾಡುವ ಉಪಚಾರ ಸಾಮಾನ್ಯದ್ದಲ್ಲ. ಆದರೆ ಅವನ ಅತ್ತೆ ಮರ್ಯಾದೆಯ ಗೊಡವೆಗೆ ಹೋಗದ ಹೆಂಗಸು. ಕೆಲಸ ನಿಂತ ವಾರದಲ್ಲೇ ಶುರುಮಾಡಿದಳಂತೆ, ಓಣಿಗೆಲ್ಲ ಕೇಳುವ ಹಾಗೆ. ಅವನು ನನ್ನ ಕೋಣೆಗೆ ಬಂದು ಅದನ್ನೆಲ್ಲ ಅಭಿನಯ ಮಾಡಿ ತೋರಿಸುತ್ತಿದ್ದ. ಮೈ ಒರೆಸುವ ನನ್ನ ಬೈರಾಸನ್ನು ತಲೆಗೆ ಹೊದ್ದು, ಸೊಂಟಕ್ಕೆ ಕೈ ಇಟ್ಟು, "ಮನೆಯಲ್ಲಿ ಎರಡು ಬೆಕ್ಕುಂಟು, ಒಂದು ಇಲಿಯಾದರೂ ಹಿಡೀತದೆ!" ಎನ್ನುವವನು. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಅವಳು ಅವನಿಗೂ ಮಸೀದಿಯ ಮುಸ್ಲಿಯಾರರಿಂದ ಒಂದು ನೂಲು ಮಂತ್ರಿಸಿ ತಂದಿದ್ದಳು. ನಮ್ಮಿಬ್ಬರ ರಟ್ಟೆ ಪಕ್ಕಪಕ್ಕ ಇಟ್ಟು ನೋಡಿದೆವು. ಎರಡೂ ಕಪ್ಪೇ, ಯಾವುದು ಯಾರದ್ದು ಎಂದು ತಿಳಿಯದ ಹಾಗೆ.

ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಅದನ್ನು ಹೇಳಿಯೇಬಿಟ್ಟೆ. "ನಿನ್ನವರು ಬೈದು ಕೈ ತೊಳೆದುಕೊಳ್ತಾರೆ. ನನ್ನವರು ದೊಡ್ಡ ತುಂಡು ಮೀನು ಹಾಕಿ ಕೊಲ್ತಾರೆ." ಅವನು ನನ್ನನ್ನೇ ನೋಡಿ, "ಹಾಗಾದರೆ ಬದಲು ಮಾಡಿಕೊಳ್ಳುವಾ ಮಾಸ್ಟ್ರೇ? ನನಗೆ ಮೀನು ಆಗ್ತದೆ" ಎಂದ. ಅದಕ್ಕೂ ನಗಾಡಿದೆ. ಹೆಂಚಿನ ಕಾರ್ಖಾನೆಯ ಕೆಲಸಗಾರರನ್ನು ಕಂಡರೂ ನನಗೆ ಆಗ ಹೊಟ್ಟೆಕಿಚ್ಚು. ಅವರಲ್ಲಿ ಕ್ರಿಸ್ತುವರು ಬಹಳ. ಮಳೆಗಾಲದಲ್ಲಿ ಕೆಲಸ ನಿಂತರೆ ಅವರ ಮನೆಯಲ್ಲಿ ಅದಕ್ಕೊಂದು ಏರ್ಪಾಡು ಮೊದಲೇ ಇರುತ್ತಿತ್ತು, ಮಲ್ಲಿಗೆ ಬೆಳೆಯುವುದೋ ಹಂದಿ ಸಾಕುವುದೋ. ಅವರೂ ಒಳಗೆ ಸುಖವಾಗಿದ್ದರೋ ಇಲ್ಲವೋ ನಾನು ಕೇಳಿದವನಲ್ಲ. ಕೆಲಸ ಇಲ್ಲದವನಿಗೆ ಬೇರೆಯವರ ಮನೆಯ ದುಃಖವೂ ತನ್ನದಕ್ಕಿಂತ ಚೆಂದ ಕಾಣುತ್ತದೆ.

ನವೆಂಬರಿನ ಹೊತ್ತಿಗೆ ನನಗೆ ಬೆಳಿಗ್ಗೆ ಏಳುವುದೇ ಕಷ್ಟವಾಯಿತು. ಕಣ್ಣು ಬಿಟ್ಟರೆ ಎದೆಯ ಮೇಲೆ ಯಾರೋ ಕುಳಿತ ಹಾಗೆ. ಮಾಡಿನ ಹೆಂಚುಗಳನ್ನು ಎಣಿಸುತ್ತ ಮಲಗಿರುತ್ತಿದ್ದೆ. ಬೆಳ್ತಂಗಡಿಯಲ್ಲಿ ಒಂದು ಗುಮಾಸ್ತನ ಕೆಲಸಕ್ಕೆ ಕರೆದರೂ ಹೋಗಲಿಲ್ಲ. ಅಂಗಿ ಒಗೆದಿರಲಿಲ್ಲ ಎಂಬುದೊಂದೇ ಕಾರಣ. ಒಂದು ಮಧ್ಯಾಹ್ನ ಸ್ನೇಹಿತನ ದೋಣಿಯಲ್ಲಿ ಕುಳಿತಿದ್ದೆ. ಹೊಳೆ ತಿಳಿಯಾಗಿತ್ತು. ಮಾತಿಗೆ ಎಂಬಂತೆ ಕೇಳಿದೆ: "ಇಲ್ಲಿ ಎಲ್ಲಕ್ಕಿಂತ ಆಳ ಎಲ್ಲಿ?"

ಅವನು ಗೆರಟೆ ಕೆಳಗಿಟ್ಟ. ಆ ಹೊಳೆಯ ಒಂದೊಂದು ಮಡುವೂ ಅವನಿಗೆ ಅಂಗೈಯ ಹಾಗೆ ಗೊತ್ತು. "ಈಗ ಎಲ್ಲ ಕಡೆ ಸೊಂಟದಷ್ಟೇ ನೀರು" ಎಂದ. ಸುಳ್ಳು ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಬಂದು ಬಾಗಿಲು ಬಡಿದು, ಚಹಾಕ್ಕೆ ಎಬ್ಬಿಸಿಕೊಂಡು ಹೋದ. ಅದರ ಮರುದಿನವೂ ಬಂದ. ಆಮೇಲೆ ದಿನಾ ಬಂದ. ಈ ಮನುಷ್ಯನಿಗೆ ಬೇರೆ ಉದ್ಯೋಗ ಇಲ್ಲವಲ್ಲ ಎಂದು ನಾನು ಗೊಣಗುತ್ತಿದ್ದೆ.

ಡಿಸೆಂಬರಿನಲ್ಲಿ ಮೂಡಬಿದ್ರೆ ಬಸ್ಸಿನ ಕಂಡಕ್ಟರು ಅಂಗಡಿಯ ಮುಂದೆ ನಿಂತು ಕೂಗಿ ಹೇಳಿದ, "ಮಾಸ್ಟ್ರಿಗೆ ಹೆಣ್ಣು ಕೂಸು, ತಾಯಿ ಮಗು ಚೆನ್ನಾಗಿದ್ದಾರೆ." ಅಳಿಯಸಂತಾನದ ಮನೆಯಲ್ಲಿ ಕುಟುಂಬ ಮುಂದುವರಿಸುವುದು ಹೆಣ್ಣು, ಆದ್ದರಿಂದ ತೋಡಾರಿನಲ್ಲಿ ಸಂಭ್ರಮ ಇದ್ದಿರಬೇಕು. ನಾನು ಮೇಲೆ ಹೋಗಿ ಬಾಗಿಲು ಹಾಕಿ ಅತ್ತುಬಿಟ್ಟೆ. ತೊಟ್ಟಿಲಿಗೆ ಹಾಕುವ ದಿನ ತಂದೆಯಾದವನು ಮಗುವಿನ ಸೊಂಟಕ್ಕೆ ಬೆಳ್ಳಿಯ ನೂಲು ತರುವುದು ಕ್ರಮ. ತರಲು ನನ್ನಲ್ಲಿ ಇರಲಿಲ್ಲ, ಹೋಗಲಿಲ್ಲ. ಸ್ನೇಹಿತ ಬೈದ, ಕೈ ಹಿಡಿದು ಎಳೆದ, ಹೋಗಲೇ ಇಲ್ಲ.

ನನ್ನ ತಲೆಯಲ್ಲಿ ಇದ್ದದ್ದು ನಾಚಿಕೆ ಒಂದೇ. ತೋಡಾರಿನವರು ಅದನ್ನು ಹೇಗೆ ಓದಿಕೊಳ್ಳುತ್ತಾರೆ ಎಂದು ನಾನು ಯೋಚಿಸಲೇ ಇಲ್ಲ. ಅದೇ ಕುಲದಲ್ಲಿ ಹುಟ್ಟಿ ಬೆಳೆದವನು ನಾನು, ಗೊತ್ತಿರಬೇಕಿತ್ತು. ನಮ್ಮಲ್ಲಿ ಗಂಡಸಿಗೆ ಸಂಬಂಧ ಸಾಕಾದರೆ ಅವನು ಜಗಳ ಮಾಡುವುದಿಲ್ಲ, ಹೇಳಿಕಳಿಸುವುದೂ ಇಲ್ಲ. ಹೋಗಿ ಬರುವುದನ್ನು ನಿಲ್ಲಿಸುತ್ತಾನೆ. ಬಯಕೆಗೆ ಇಲ್ಲ, ತೊಟ್ಟಿಲಿಗೆ ಇಲ್ಲ ಎಂದ ಮೇಲೆ ಕೇಳಲು ಇನ್ನೇನೂ ಉಳಿಯುವುದಿಲ್ಲ.

ಜನವರಿಯ ಒಂದು ಗುರುವಾರ ತೋಡಾರಿನ ಯಜಮಾನರು ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದರು. ಕೊಡೆಯನ್ನು ಗೋಡೆಗೆ ಒರಗಿಸಿ, ಇದ್ದ ಒಂದು ಕುರ್ಚಿಯಲ್ಲಿ ಕುಳಿತರು. ನಾನು ಲೋಟದಲ್ಲಿ ನೀರು ಕೊಟ್ಟೆ. ಅವರು ಅದನ್ನು ತೆಗೆದುಕೊಂಡು, ಕುಡಿಯದೆ, ಕಿಟಕಿಯ ಹಲಗೆಯ ಮೇಲೆ ಇಟ್ಟರು. ಸಂಬಂಧ ಮುರಿಯಲು ಬಂದವರು ಆ ಮನೆಯ ನೀರು ಕುಡಿಯುವುದಿಲ್ಲ.

"ನಿಮ್ಮನ್ನು ದೂರುವುದಿಲ್ಲ," ಎಂದರು ಅದೇ ಮೆಲುದನಿಯಲ್ಲಿ. "ಮನಸ್ಸು ಅಂದರೆ ಹಾಗೆಯೇ, ಹಿಡಿದು ನಿಲ್ಲಿಸಲಿಕ್ಕೆ ಆಗುವುದಿಲ್ಲ. ಕೂಸು ನಮ್ಮ ಕುಟುಂಬದ್ದು, ಅದಕ್ಕೆ ಏನೂ ಕಡಿಮೆ ಆಗ್ಲಿಕ್ಕಿಲ್ಲ. ಸಂಬಂಧ ಬಿಡುಗಡೆಯ ಕಾಗದ ಬರೆಸಿದ್ದೇನೆ. ಸೋಮವಾರ ಹತ್ತು ಗಂಟೆಗೆ ಮೂಡಬಿದ್ರೆಯ ರಿಜಿಸ್ಟ್ರಿ ಕಚೇರಿಗೆ ಬನ್ನಿ. ನಿಮ್ಮ ಕಡೆಯಿಂದ ಒಬ್ಬ ಸಾಕ್ಷಿ ಬೇಕು."

ಹಾಗಲ್ಲ, ನನಗೆ ಮನಸ್ಸಿಲ್ಲದೆ ಅಲ್ಲ, ನನ್ನ ಕೈ ಖಾಲಿ ಎಂದು ಬಂದಿಲ್ಲ, ಅಷ್ಟೇ. ಈ ಮಾತು ನಾಲಿಗೆಯ ತುದಿಯವರೆಗೆ ಬಂತು. ಆಗ ಒಳಗಿನಿಂದ ಬೇರೊಂದು ದನಿ ಎದ್ದಿತು. ಬಿಡು, ಅವಳಾದರೂ ಪಾರಾಗಲಿ, ನಿನ್ನಂಥವನನ್ನು ಕಟ್ಟಿಕೊಂಡು ಅವಳು ಎಂತ ಸುಖ ಕಂಡಾಳು, ಮಗು ನಿನ್ನ ಮುಖ ನೋಡದಿದ್ದರೇ ಒಳ್ಳೆಯದು. ಎಷ್ಟು ಸಮಾಧಾನದ ದನಿ ಅದು! ಅಂಥ ನೆಮ್ಮದಿ ಆರು ತಿಂಗಳಿಂದ ನನಗೆ ಆಗಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಹೆದರಿಕೆಯಾಗುತ್ತದೆ. "ಆಗಲಿ" ಎಂದೆ.

ಯಜಮಾನರು ಎದ್ದರು. ಮೆಟ್ಟಿಲ ಬಳಿ ತಿರುಗಿ, "ತುಂಬ ಸೊರಗಿದ್ದೀರಿ, ಆರೋಗ್ಯ ನೋಡಿಕೊಳ್ಳಿ" ಎಂದು ಹೇಳಿ ಇಳಿದರು.

ಸಾಕ್ಷಿಗೆ ಯಾರು? ಅಕ್ಕನಿಗೆ ವಿಷಯ ತಿಳಿಸುವ ಧೈರ್ಯ ಇರಲಿಲ್ಲ. ಸ್ನೇಹಿತನನ್ನೇ ಕೇಳುವುದು ಎಂದುಕೊಂಡೆ. ಹಾಗೆ ಅಂದುಕೊಂಡಾಗಲೇ ಗಮನಕ್ಕೆ ಬಂದದ್ದು, ಅವನು ಬಾಗಿಲು ಬಡಿಯದೆ ಎರಡು ವಾರ ಆಗಿತ್ತು. ಅವನ ದೋಣಿ ಮಾರಾಟವಾಯಿತು, ಕೊಂಡವರು ಅದನ್ನು ಬಿಚ್ಚಿ ಹಲಗೆ ಮಾಡಿದರು ಎಂದು ಅಂಗಡಿಯಲ್ಲಿ ಮಾತು ಬಿದ್ದಿತ್ತು. ಅವನು ಬಾರದ್ದಕ್ಕೆ ನನಗೆ ಬೇಸರವಾಗಿತ್ತೇ ಹೊರತು ಯಾಕೆ ಬರಲಿಲ್ಲ ಎಂದು ನಾನು ಯೋಚಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋದೆ, ಮಸೀದಿಯ ಹಿಂದಿನ ಓಣಿ. ಹೊರಗೆ ಬಂದದ್ದು ಅವನ ಅತ್ತೆ. ಅಭಿನಯದಲ್ಲಿ ನೋಡಿ ನೋಡಿ ನಾನು ಒಂದು ರಾಕ್ಷಸಿಯನ್ನು ಕಲ್ಪಿಸಿಕೊಂಡಿದ್ದೆ. ಬಂದವಳು ನನ್ನ ಭುಜಕ್ಕೂ ಬಾರದ ಸಣ್ಣ ಮುದುಕಿ. ದನಿ ತಗ್ಗಿಸಿ ತುಳುವಿನಲ್ಲಿ ಹೇಳಿದಳು: "ಎದ್ದು ಬರುವುದಿಲ್ಲ ಮಾಸ್ಟ್ರೇ. ಉಣ್ಣುವುದಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದಾನೆ. ಇವತ್ತಿಗೆ ಹನ್ನೊಂದು ದಿನ." ಆಮೇಲೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು, "ಬೈದರೆ ರೋಷ ಬಂದು ಏಳ್ತಾನೆ ಅಂತ ಬೈದದ್ದು. ಅವ ನಗ್ತಿದ್ದ. ನಗುವವನಿಗೆ ನೋವಾಗ್ತದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನಮಗೆ ಹೆದರಿಕೆ ಮಾಸ್ಟ್ರೇ, ಹೆದರಿಕೆಗೆ ಬಾಯಿ ಓಡ್ತದೆ" ಎಂದು ಅತ್ತಳು. ಬಾಗಿಲ ಮರೆಯಲ್ಲಿ ಅವನ ಹೆಂಡತಿಯೂ ಅಳುತ್ತಿದ್ದಳು.

ಒಳಗೆ ಹೋಗಿ ಅವನ ಚಾಪೆಯ ಪಕ್ಕ ಕುಳಿತೆ. ಗಡ್ಡ ಬೆಳೆದಿತ್ತು. ಆಮೇಲೆ ಗೋಡೆಯನ್ನೇ ನೋಡುತ್ತ ಹೇಳಿದ, "ಎರಡು ವಾರ ಆಯಿತು, ನಿಮ್ಮನ್ನು ನೋಡ್ಲಿಕ್ಕೆ ಬರ್ಲಿಕ್ಕೆ ಆಗಲಿಲ್ಲ. ದಿನಾ ಹೆದರಿಕೆ ಆಗ್ತಿತ್ತು. ಇದ್ದೀರಲ್ಲ, ಸಾಕು."

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅವನು ದಿನಾ ಬೆಳಿಗ್ಗೆ ಬಂದದ್ದು ಚಹಾಕ್ಕಲ್ಲ, ನಾನು ಬದುಕಿದ್ದೇನೆಯೇ ಎಂದು ನೋಡಲಿಕ್ಕೆ. ತನ್ನ ಸೊಂಟದವರೆಗೆ ನೀರು ಏರುತ್ತಿದ್ದಾಗಲೂ ಬಂದಿದ್ದ. ನಾನು ಅವನ ನಗೆಯನ್ನು ನೋಡಿ ನಕ್ಕು ಮನೆಗೆ ಕಳಿಸಿದ್ದೆ. ಸಾಕ್ಷಿಯ ಮಾತನ್ನು ಎತ್ತಲಿಲ್ಲ. ಸಂಜೆಯವರೆಗೆ ಅಲ್ಲೇ ಕುಳಿತು, ಅತ್ತೆ ತಂದ ಗಂಜಿಯನ್ನು ಅವನಿಗೆ ಚಮಚದಲ್ಲಿ ಕುಡಿಸಿದೆ. ಅರ್ಧ ಬಟ್ಟಲು ಹೋಯಿತು. ಅವನು ಪೂರಾ ಎದ್ದು ಓಡಾಡಲು ಒಂದು ವರ್ಷ ಬೇಕಾಯಿತು. ಆಮೇಲೆ ಸೈಕಲಿನಲ್ಲಿ ಮೀನು ಮಾರಿದ, ಮನೆ ಕಟ್ಟಿದ, ಆದರೆ ಯಾರ ಅಭಿನಯವನ್ನೂ ಮತ್ತೆ ಮಾಡಿದ್ದು ನಾನು ನೋಡಲಿಲ್ಲ.

ಅಲ್ಲಿಂದ ಬರುವಾಗ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಆ ಮುದುಕಿಯ ಬೈಗುಳ ಹೆದರಿಕೆಯಾದರೆ, ತೋಡಾರಿನವರ ಮರ್ಯಾದೆ ಏನು?

ಸೋಮವಾರ ಮೂಡಬಿದ್ರೆಯಲ್ಲಿ ಬಸ್ಸಿಳಿದಾಗ ಹತ್ತಕ್ಕೆ ಹತ್ತು ನಿಮಿಷ ಇತ್ತು. ಕಚೇರಿಯ ಜಗಲಿಯ ಬೆಂಚಿನಲ್ಲಿ ಯಜಮಾನರು, ಜೊತೆಗೆ ಊರಿನ ಇಬ್ಬರು ಹಿರಿಯರು. ನನ್ನನ್ನು ಅವರು ನೋಡಿರಲಿಲ್ಲ. ಇಪ್ಪತ್ತು ಹೆಜ್ಜೆ ನಡೆದು ರುಜು ಹಾಕಿದರೆ ಎಲ್ಲವೂ ಮುಗಿಯುತ್ತಿತ್ತು, ಕಾಲು ಆ ಕಡೆಗೇ ಎಳೆಯುತ್ತಿತ್ತು. ನಾನು ತಿರುಗಿ ಮಂಗಳೂರಿನ ರಸ್ತೆ ಹಿಡಿದು ತೋಡಾರಿಗೆ ನಡೆಯತೊಡಗಿದೆ. ಹಿಂದೆ ಬಸ್ಸಿನ ಸದ್ದಾದಾಗಲೆಲ್ಲ ಅದರಲ್ಲಿ ಅವರು ಇರಬಹುದೆಂದು ರಸ್ತೆಯ ಬದಿಗೆ ಸರಿದು ನಿಲ್ಲುತ್ತಿದ್ದೆ. ಕೈಯಲ್ಲಿ ಚೀಲ ಇರಲಿಲ್ಲ. ಎರಡು ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ದಾರಿಯುದ್ದಕ್ಕೂ ತಿಳಿಯಲಿಲ್ಲ.

ಅಂಗಳದಲ್ಲಿ ನನ್ನನ್ನು ಮೊದಲು ನೋಡಿದ್ದು ಅತ್ತೆ. ಮುಖ ಬಿಳಿಚಿತು. ಆದರೂ ರೂಢಿಯಂತೆ ಒಳಗೆ ಓಡಿ ಚೆಂಬಿನಲ್ಲಿ ನೀರು ತಂದರು. ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು, ತಲೆಗೆ ಬಾಣಂತಿಯ ಬಟ್ಟೆ ಬಿಗಿದುಕೊಂಡು, ತೋಳಿನಲ್ಲಿ ಮಗು. ನನಗೆ ಕಂಡದ್ದು ಬಟ್ಟೆಯಿಂದ ಹೊರಬಂದ ಒಂದು ಪುಟ್ಟ ಪಾದ ಮಾತ್ರ.

"ಆ ಚೆಂಬು ಒಳಗೆ ತೆಕ್ಕೊಂಡು ಹೋಗಿ ಅಮ್ಮ," ಎಂದಳು. ನಂತರ ನನ್ನ ಕಡೆ ತಿರುಗಿ, "ರುಜು ಹಾಕಿ ಆಯಿತಾ?"

"ಇಲ್ಲ."

"ನಾನು ಮೊನ್ನೆಯೇ ಹಾಕಿಕೊಟ್ಟಿದ್ದೇನೆ. ಮತ್ತೆ ಎಂತಕ್ಕೆ ಬಂದದ್ದು?"

"ನನಗೆ ಕೆಲಸ ಇಲ್ಲ," ಎಂದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಜೂನ್‌ನಿಂದ ಇಲ್ಲ. ಕೈಯಲ್ಲಿ ಏನೂ ಇಲ್ಲ. ಅದಕ್ಕೇ ಬರಲಿಲ್ಲ. ಮನಸ್ಸಿಲ್ಲದೆ ಅಲ್ಲ."

"ಕೆಲಸ ಇಲ್ಲದ್ದು ಊರಿಗೆಲ್ಲ ಗೊತ್ತುಂಟು!" ಅವಳ ದನಿ ಏರಿತು. ಆ ಮನೆಯಲ್ಲಿ ಏರಿದ ದನಿ ನಾನು ಕೇಳಿದ್ದು ಅದೇ ಮೊದಲು. "ನಿಮಗೆ ನೋವಾಗ್ತದೆ ಅಂತ ರಜೆ ರಜೆ ಅಂತ ಹೇಳಿಕೊಂಡು ನಾವು ಹೆದರಿ ಕೂತಿದ್ದೇವೆ. ನಾನು ಶಾಲೆಯನ್ನು ಮದುವೆ ಆದದ್ದಾ? ಗೊತ್ತಿಲ್ಲದ್ದನ್ನು ಹೇಳಿ. ಇಷ್ಟು ದಿನ ಎಲ್ಲಿದ್ದಿರಿ? ಎಂತ ಮಾಡುತ್ತಿದ್ದಿರಿ?"

ಹೇಳಿದೆ. ಅಂಗಳದ ಬಿಸಿಲಿನಲ್ಲಿ ನಿಂತುಕೊಂಡೇ ಹೇಳಿದೆ. ಹರಿದ ಕಾಗದಗಳನ್ನು, ಏಳಲಾಗದ ಬೆಳಗುಗಳನ್ನು, ಹೊಳೆಯ ಆಳ ಕೇಳಿದ್ದನ್ನು. ಆ ಕೊನೆಯದನ್ನು ಕೇಳಿದಾಗ ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. ಅತ್ತೆ ಚೆಂಬು ಹಿಡಿದುಕೊಂಡೇ ನಿಂತಿದ್ದರು. ನಾನು ಮಗುವನ್ನು ನೋಡಲು ಒಂದು ಹೆಜ್ಜೆ ಮುಂದೆ ಇಟ್ಟೆ.

"ಕೂಸನ್ನು ಆಮೇಲೆ ನೋಡುವ," ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವತ್ತು ನೀರು ಸೇದುವವಳು ಬಂದಿಲ್ಲ. ಇದನ್ನು ಇನ್ನೂ ಮೀಯಿಸಿ ಆಗಿಲ್ಲ. ಹಂಡೆ ಖಾಲಿ ಉಂಟು."

"ಅಳಿಯನ ಕೈಯಲ್ಲಿ ನೀರು ಎಳೆಸುವುದಾ!" ಎಂದು ಅತ್ತೆ ಬಾಯಿಗೆ ಕೈ ಇಟ್ಟರು. ಹೆಂಡತಿ ಮನೆಯಲ್ಲಿ ಗಂಡಸು ಒಂದು ಕಡ್ಡಿ ಎತ್ತಿಡುವುದೂ ಆ ಕಾಲದಲ್ಲಿ ಅವಮಾನ, ಅವನಿಗಲ್ಲ, ಆ ಮನೆಗೆ.

"ಅಳಿಯ ಅಂತ ಉಪಚಾರ ಮಾಡುವವರು ಮೂಡಬಿದ್ರೆಗೆ ಹೋಗಿದ್ದಾರೆ. ಇವರು ಕೂಸಿನ ಅಪ್ಪ. ಎಳೆಯಲಿ."

ಅಂಗಿ ಬಿಚ್ಚಿ ಬೇಲಿಯ ಮೇಲೆ ಹಾಕಿ ಬಾವಿಗೆ ಹೋದೆ. ಹತ್ತು ಕೊಡದಲ್ಲಿ ಅಂಗೈ ಕೆಂಪಾಯಿತು, ಹದಿನೈದರಲ್ಲಿ ಗುಳ್ಳೆ ಎದ್ದಿತು. ಪಕ್ಕದ ಮನೆಯ ಹೆಂಗಸರು ಬೇಲಿಯ ಆಚೆ ಬಂದು ನಿಂತು ನೋಡಿದರು. ನೋಡಲಿ ಎಂದುಕೊಂಡೆ. ನಾನು ಪ್ರತಿ ಸಲ ಬಗ್ಗಿ ಬಾವಿಯೊಳಗೆ ನೋಡುವಾಗಲೂ, ಹೆಂಡತಿ ಹೊಸ್ತಿಲಿನಿಂದ ಕಣ್ಣು ತೆಗೆಯದೆ ನನ್ನನ್ನೇ ನೋಡುತ್ತಿದ್ದಳು. ಒಳಗೆ ಹೋಗಲಿಲ್ಲ.

ಹಂಡೆ ಮುಕ್ಕಾಲು ತುಂಬಿರಬಹುದು, ಯಜಮಾನರು ಆ ಇಬ್ಬರು ಹಿರಿಯರ ಜೊತೆ ಅಂಗಳಕ್ಕೆ ಕಾಲಿಟ್ಟರು. ಹಿರಿಯರು ಬಾಯಿ ತೆರೆದು ನಿಂತರು. ನಾನು ಹಗ್ಗ ಹಿಡಿದುಕೊಂಡೇ ನಿಂತೆ, ಕೊಡ ಬಾವಿಯ ನಡುವೆ ತೂಗುತ್ತಿತ್ತು. ಯಜಮಾನರು ನನ್ನನ್ನು ನೋಡಿದರು, ಹೊಸ್ತಿಲಿನಲ್ಲಿ ಕುಳಿತ ಸೋದರಸೊಸೆಯನ್ನು ನೋಡಿದರು. ಅವಳು ಮಗುವಿನ ಪಾದವನ್ನು ಬಟ್ಟೆಯೊಳಗೆ ಸೇರಿಸಿದಳು. ಅವರು ಕೊಡೆಯನ್ನು ಜಗಲಿಯ ಕಂಬಕ್ಕೆ ಸಿಕ್ಕಿಸಿ, ಹಿರಿಯರಿಗೆ "ಕೂತುಕೊಳ್ಳಿ, ಊಟ ಮಾಡಿಕೊಂಡು ಮನೆಗೆ ಹೋದರಾಯಿತು" ಎಂದು ಹೇಳಿ, ನನ್ನ ಹತ್ತಿರ ಬಂದರು.

"ಅಲ್ಲಿ ಕಲ್ಲು ಜಾರ್ತದೆ," ಎಂದರು. "ಈ ಕಡೆ ಬಂದು ನಿಂತು ಎಳೆಯಿರಿ."

ನಾನು ಈ ಕಡೆ ಬಂದು ನಿಂತೆ.